ಪಟ್ಟಿಯಲ್ಲಿ ಉಳಿದ ಕಾಯಕ

ಹನ್ನೆರಡನೆಯ ಶತಮಾನದ ಅನೇಕ ಶರಣರ ಹೆಸರಿನೊಂದಿಗೆ ಅವರವರ ಕಾಯಕ ಬೆಸೆದುಕೊಂಡಿದೆ. ಮಡಿವಾಳ ಮಾಚಯ್ಯನವರನ್ನು ನೆನೆದರೆ ಬಟ್ಟೆ ಒಗೆಯುವ ಕಲ್ಲು ಕಣ್ಣಿಗೆ ಬರುತ್ತದೆ. ನುಲಿಯ ಚಂದಯ್ಯನವರನ್ನು ನೆನೆದರೆ ಹುಲ್ಲು ಹೊಸೆಯುವ ಕೈ, ಅಂಬಿಗರ ಚೌಡಯ್ಯನವರನ್ನು ನೆನೆದರೆ ದೋಣಿಯ ಹುಟ್ಟು ಕಾಣುತ್ತದೆ. ಕೈಯಲ್ಲಿರುವ ಉಪಕರಣವನ್ನು ನೋಡಿದರೆ ಸಾಕು, ಆ ವ್ಯಕ್ತಿ ಈಗ ಏನು ಮಾಡುತ್ತಿದ್ದಾರೆ ಎಂಬುದು ದಾರಿಹೋಕರಿಗೂ ತಿಳಿಯುತ್ತಿತ್ತು. ಗಣಕಯಂತ್ರದ ಮುಂದೆ ಕುಳಿತು ಕಾಯಕ ಮಾಡುವ ಇಂದಿನವರ ಸ್ಥಿತಿ ಹಾಗಿಲ್ಲ. ಒಂದೇ ಪರದೆಯೊಳಗೆ ಅಂಚೆಯ ಪೆಟ್ಟಿಗೆ, ಲೆಕ್ಕದ ಪುಸ್ತಕ, ಸಭೆಯ ಕೋಣೆ, ಸಂತೆಯ ಬೀದಿ, ಹರಟೆಯ ಜಗಲಿ ಎಲ್ಲವೂ ಒಟ್ಟಿಗೆ ಇವೆ. ಕುಳಿತವರು ಈ ಗಳಿಗೆಯಲ್ಲಿ ಏನು ಮಾಡುತ್ತಿದ್ದಾರೆ ಎಂಬುದು ಪಕ್ಕದವರಿಗೆ ಇರಲಿ, ಎಷ್ಟೋ ಸಲ ಅವರಿಗೇ ತಿಳಿಯುವುದಿಲ್ಲ.

ಈ ಕಾರಣದಿಂದಲೇ ಕೆಲಸವನ್ನು ಮಾಡುವ ಉಪಕರಣಗಳ ಜೊತೆಗೆ ಕೆಲಸವನ್ನು ನೆನಪಿಡುವ, ಅಳೆಯುವ, ಜೋಡಿಸುವ ಉಪಕರಣಗಳ ಒಂದು ಪ್ರತ್ಯೇಕ ಲೋಕವೇ ಬೆಳೆದು ನಿಂತಿದೆ. ಆ ಲೋಕದಲ್ಲಿ ಹಲವು ವರ್ಷ ಅಲೆದು, ಒಂದು ದೊಡ್ಡ ಬೆಲೆಯನ್ನು ತೆತ್ತು, ಕೊನೆಗೆ ಬಹು ಸರಳವಾದ ಒಂದು ಕ್ರಮಕ್ಕೆ ಬಂದು ನಿಂತ ಒಬ್ಬ ಸಾಫ್ಟ್‌ವೇರ್ ಇಂಜಿನಿಯರನ ಅನುಭವವು, ಅದೇ ಬಗೆಯ ಕೆಲಸ ಮಾಡುವ ಎಲ್ಲರ ಚಿಂತನೆಗೂ ಯೋಗ್ಯವಾಗಿದೆ.

ಆತ ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದವನು. ತಂದೆಯವರು ಖಣ ನೇಯುವ ನೇಕಾರರು. ಮಗ ಓದಿ ಬೆಂಗಳೂರು ಸೇರಿ, ಅಮೆರಿಕದ ಗ್ರಾಹಕರಿಗಾಗಿ ದುಡಿಯುವ ಒಂದು ಸಂಸ್ಥೆಯಲ್ಲಿ ನೌಕರಿ ಹಿಡಿದನು. ಕ್ಯಾಲಿಫೋರ್ನಿಯಾಕ್ಕೂ ಭಾರತಕ್ಕೂ ಬೇಸಿಗೆಯಲ್ಲಿ 12 ಗಂಟೆ 30 ನಿಮಿಷ, ಚಳಿಗಾಲದಲ್ಲಿ 13 ಗಂಟೆ 30 ನಿಮಿಷಗಳ ಅಂತರ. ಅಲ್ಲಿ ಬೆಳಗಾದಾಗ ಇಲ್ಲಿ ರಾತ್ರಿ. ಆದ್ದರಿಂದ ಆತನ ದಿನಕ್ಕೆ ಎರಡು ತುದಿಗಳಲ್ಲಿಯೂ ಕೆಲಸವಿತ್ತು. ಬೆಳಿಗ್ಗೆ ತಂಡದ ಸಭೆ, ರಾತ್ರಿ ಗ್ರಾಹಕರ ಸಭೆ, ನಡುವೆ ಬರೆಯಬೇಕಾದ ಸಂಕೇತ, ಪರಿಶೀಲಿಸಬೇಕಾದ ಬೇರೆಯವರ ಸಂಕೇತ, ಉತ್ತರ ಬೇಡುವ ಮಿಂಚಂಚೆ. ಇವೆಲ್ಲವನ್ನೂ ಹಿಡಿದಿಡಲು ತನಗೊಂದು ಒಳ್ಳೆಯ ವ್ಯವಸ್ಥೆ ಬೇಕೆಂದು ಆತನಿಗೆ ಅನ್ನಿಸಿದ್ದು ಸಹಜವೇ ಆಗಿತ್ತು.

ಆತ ಮೊದಲು ಹಿಡಿದದ್ದು ಡೇವಿಡ್ ಅಲೆನ್ ಅವರು 2001ರಲ್ಲಿ ಪ್ರಕಟಿಸಿದ 'ಗೆಟ್ಟಿಂಗ್ ಥಿಂಗ್ಸ್ ಡನ್' ಎಂಬ ಗ್ರಂಥವನ್ನು. ತಲೆಯಲ್ಲಿರುವುದನ್ನೆಲ್ಲ ಹೊರಗೆ ಒಂದು ಕಡೆ ಬರೆದಿಡಬೇಕು, ಎರಡು ನಿಮಿಷದಲ್ಲಿ ಮುಗಿಯುವುದಾದರೆ ಆಗಲೇ ಮುಗಿಸಬೇಕು, ಉಳಿದದ್ದಕ್ಕೆ ಮುಂದಿನ ಹೆಜ್ಜೆ ಯಾವುದೆಂದು ಸ್ಪಷ್ಟವಾಗಿ ನಿರ್ಧರಿಸಬೇಕು, ವಾರಕ್ಕೊಮ್ಮೆ ಎಲ್ಲವನ್ನೂ ಪುನರಾವಲೋಕಿಸಬೇಕು ಎಂಬುದು ಆ ಕ್ರಮದ ಸಾರ. ನಂತರ ಇಟಲಿಯ ಫ್ರಾಂಚೆಸ್ಕೊ ಚಿರಿಲ್ಲೊ ಅವರು 1980ರ ದಶಕದ ಕೊನೆಯಲ್ಲಿ, ವಿದ್ಯಾರ್ಥಿಯಾಗಿದ್ದಾಗ ರೂಪಿಸಿದ ಪೊಮೊಡೊರೊ ಕ್ರಮ ಬಂದಿತು. ಆ ಭಾಷೆಯಲ್ಲಿ ಪೊಮೊಡೊರೊ ಎಂದರೆ ಟೊಮೆಟೊ. ಚಿರಿಲ್ಲೊ ಅವರು ಬಳಸಿದ ಅಡುಗೆಮನೆಯ ಗಡಿಯಾರ ಟೊಮೆಟೊ ಹಣ್ಣಿನ ಆಕಾರದಲ್ಲಿದ್ದುದರಿಂದ ಆ ಹೆಸರು. 25 ನಿಮಿಷ ಒಂದೇ ಕೆಲಸ, 5 ನಿಮಿಷ ವಿರಾಮ, ಇಂತಹ ನಾಲ್ಕು ಸುತ್ತುಗಳ ಬಳಿಕ ದೀರ್ಘ ವಿರಾಮ. ಆಮೇಲೆ ಮರ್ಲಿನ್ ಮ್ಯಾನ್ ಅವರು 2007ರ ಉಪನ್ಯಾಸವೊಂದರಿಂದ ಪ್ರಸಿದ್ಧಗೊಳಿಸಿದ 'ಇನ್‌ಬಾಕ್ಸ್ ಝೀರೊ' ಬಂದಿತು. ಜಪಾನಿನ ಟೊಯೊಟಾ ಕಾರ್ಖಾನೆಯಲ್ಲಿ ತೈಚಿ ಓನೊ ಅವರು ಬೆಳೆಸಿ, ಮುಂದೆ ಸಾಫ್ಟ್‌ವೇರ್ ತಂಡಗಳು ಅಳವಡಿಸಿಕೊಂಡ ಕನ್‌ಬಾನ್ ಫಲಕವೂ ಬಂದಿತು.

ಇವುಗಳಲ್ಲಿ ಯಾವುದೂ ಕೆಟ್ಟದ್ದಲ್ಲ. ಪ್ರತಿಯೊಂದರ ಹಿಂದೆಯೂ ಒಬ್ಬ ಮನುಷ್ಯನ ನಿಜವಾದ ಕಷ್ಟವಿದೆ, ಆ ಕಷ್ಟಕ್ಕೆ ಆತ ಕಂಡುಕೊಂಡ ಪರಿಹಾರವಿದೆ. ಆದರೆ ಈ ಇಂಜಿನಿಯರನು ಅವುಗಳನ್ನು ಒಂದರ ಮೇಲೊಂದು ಪೇರಿಸಿಕೊಂಡನು. ಪಟ್ಟಿಗೆ ಒಂದು ಆ್ಯಪ್, ಟಿಪ್ಪಣಿಗೆ ಒಂದು, ಸಮಯ ಅಳೆಯಲು ಒಂದು, ಅಭ್ಯಾಸಗಳನ್ನು ಎಣಿಸಲು ಇನ್ನೊಂದು. ಆರು ತಿಂಗಳಿಗೊಮ್ಮೆ ಹೊಸದೊಂದು ಕಾಣಿಸಿಕೊಳ್ಳುತ್ತಿತ್ತು. ಆಗ ಹಳೆಯದರಲ್ಲಿದ್ದುದನ್ನೆಲ್ಲ ಹೊಸದಕ್ಕೆ ಸಾಗಿಸಿ, ಬಣ್ಣ ಬಣ್ಣದ ಗುರುತು ಹಚ್ಚಿ, ಒಂದು ಭಾನುವಾರ ಪೂರ್ತಿ ಕಳೆಯುತ್ತಿದ್ದನು. ಆ ದಿನ ಸಂಜೆ ಆತನಿಗೆ ಬಹಳ ಕೆಲಸ ಮಾಡಿದ ತೃಪ್ತಿ ಇರುತ್ತಿತ್ತು. ಒಮ್ಮೆ ಎರಡು ಆ್ಯಪ್‌ಗಳ ನಡುವೆ ಮಾಹಿತಿಯನ್ನು ತಾನಾಗಿ ಸಾಗಿಸುವ ಪುಟ್ಟ ತಂತ್ರಾಂಶವನ್ನು ಬರೆಯಲು ಮೂರು ವಾರಾಂತ್ಯಗಳನ್ನು ವ್ಯಯಿಸಿದನು. ಅದು ಉಳಿಸುತ್ತಿದ್ದುದು ದಿನಕ್ಕೆ 2 ನಿಮಿಷ. ವರ್ಷಕ್ಕೆ 240 ಕೆಲಸದ ದಿನಗಳೆಂದು ಹಿಡಿದರೆ 8 ಗಂಟೆ. ಲೆಕ್ಕ ಬಲ್ಲ ಆತ ಈ ಒಂದು ಲೆಕ್ಕವನ್ನು ಮಾತ್ರ ಹಾಕಲಿಲ್ಲ.

2022ರ ಶ್ರಾವಣದಲ್ಲಿ ಒಂದು ಸಂಜೆ ಊರಿನಿಂದ ತಾಯಿಯವರ ಕರೆ ಬಂದಿತು. ಆತ ಸಭೆಗೆ ಸಿದ್ಧನಾಗುತ್ತಿದ್ದ ಹೊತ್ತು. ಅವರು ಅದೂ ಇದೂ ಮಾತನಾಡಿ ಕೊನೆಗೆ ಹೇಳಿದರು: "ಅಪ್ಪಾರಿಗೆ ಎಡಗಡೆಯಿಂದ ಬರೂದು ಸರಿಯಾಗಿ ಕಾಣಂಗಿಲ್ಲ ಅನಸ್ತೈತಿ. ಬಾಗಲಾ ಚೌಕಟ್ಟಿಗೆ ಭುಜಾ ಬಡಸ್ಕೋತಾರ. ಸಾವ್ಕಾರ್ರು ಎರಡ ಖಣಾ ತಿರುಗಿ ಕಳಿಸ್ಯಾರ, ಎಡ ಅಂಚಿನ್ಯಾಗ ಎಳಿ ತಪ್ಯಾವಂತ. ನೀ ಬಂದಾಗ ಒಮ್ಮೆ ದವಾಖಾನಿಗೆ ಕರಕೊಂಡು ಹೋಗಪಾ."

"ಆತವ್ವಾ, ಬರದಿಟ್ಕೋತೀನಿ" ಎಂದು ಆತ ಹೇಳಿದನು. ಹೇಳಿದಂತೆಯೇ ಬರೆದಿಟ್ಟನು. 'ಅಪ್ಪನ ಕಣ್ಣು' ಎಂಬ ಎರಡು ಪದ, ಅದಕ್ಕೊಂದು ಕೆಂಪು ಗುರುತು, ಮುಂದಿನ ಶನಿವಾರದ ದಿನಾಂಕ. ಬರೆದ ಕೂಡಲೇ ಮನಸ್ಸು ಹಗುರಾಯಿತು. ಸಭೆಯ ಕೊಂಡಿಯನ್ನು ಒತ್ತಿ ಒಳಗೆ ಹೋದನು.

ಮನಸ್ಸು ಹಾಗೆ ಹಗುರಾಗುವುದಕ್ಕೆ ಕಾರಣವಿದೆ. 1927ರಲ್ಲಿ ಬ್ಲೂಮಾ ಝೈಗಾರ್ನಿಕ್ ಎಂಬ ಮನೋವಿಜ್ಞಾನಿ ಬರ್ಲಿನ್ನಿನಲ್ಲಿ ನಡೆಸಿದ ಪ್ರಯೋಗಗಳ ಫಲವನ್ನು ಪ್ರಕಟಿಸಿದರು. ಮುಗಿದ ಕೆಲಸಗಳಿಗಿಂತ ಅರ್ಧಕ್ಕೆ ನಿಂತ ಕೆಲಸಗಳು ಹೆಚ್ಚು ನೆನಪಿನಲ್ಲಿ ಉಳಿಯುತ್ತವೆ ಎಂಬುದು ಅವರು ಕಂಡುಕೊಂಡ ಸಂಗತಿ. ಮುಂದಿನ ಕಾಲದ ಪ್ರಯೋಗಗಳಲ್ಲಿ ಅದೇ ಫಲ ಎಲ್ಲ ಕಡೆಯೂ ದೊರೆಯಲಿಲ್ಲ. ಆದರೂ ಮುಗಿಯದ ಕೆಲಸ ಮನಸ್ಸನ್ನು ಕೊರೆಯುತ್ತದೆ ಎಂಬುದು ಎಲ್ಲರ ಅನುಭವ. 2011ರಲ್ಲಿ ಅಮೆರಿಕದ ಮಸಿಕ್ಯಾಂಪೊ ಮತ್ತು ಬೌಮೈಸ್ಟರ್ ಎಂಬ ಸಂಶೋಧಕರು ಇನ್ನೊಂದು ಮಾತನ್ನು ತೋರಿಸಿದರು. ಆ ಕೊರೆತ ನಿಲ್ಲಲು ಕೆಲಸ ಮುಗಿಯಲೇಬೇಕೆಂದಿಲ್ಲ. ಅದನ್ನು ಯಾವಾಗ, ಎಲ್ಲಿ, ಹೇಗೆ ಮಾಡುವುದೆಂದು ಖಚಿತವಾಗಿ ಯೋಜಿಸಿದರೂ ಮನಸ್ಸು ಅದರ ಹಿಡಿತದಿಂದ ಬಿಡುಗಡೆ ಹೊಂದುತ್ತದೆ.

ಪಟ್ಟಿ ಬರೆಯುವ ಎಲ್ಲ ಕ್ರಮಗಳ ಶಕ್ತಿಯೂ ಇಲ್ಲಿಯೇ ಇದೆ, ಅಪಾಯವೂ ಇಲ್ಲಿಯೇ ಇದೆ. ತಾಯಿಯವರ ಮಾತು ಆತನ ಎದೆಯಲ್ಲಿ ಮುಳ್ಳಾಗಿ ಉಳಿಯಬೇಕಾಗಿತ್ತು. ಉಳಿದಿದ್ದರೆ ಆ ವಾರವೇ ಆತನನ್ನು ಬಸ್ಸು ಹತ್ತಿಸುತ್ತಿತ್ತು. ಪಟ್ಟಿಯು ಆ ಮುಳ್ಳನ್ನು ಮೆಲ್ಲನೆ ಕಿತ್ತು ತನ್ನಲ್ಲಿ ಇಟ್ಟುಕೊಂಡಿತು. ನೋವು ಹೋಯಿತು, ಕೆಲಸ ಉಳಿಯಿತು. ಅಲೆನ್ ಅವರ ಕ್ರಮವೂ ಮುಂದಿನ ಹೆಜ್ಜೆಯನ್ನು ನಿರ್ಧರಿಸಲೇಬೇಕೆಂದು ಹೇಳುತ್ತದೆ. ಯಾವ ಆಸ್ಪತ್ರೆ, ಯಾವ ದಿನ, ಯಾವ ಬಸ್ಸು, ರಜೆ ಕೇಳಬೇಕಾದದ್ದು ಯಾರನ್ನು ಎಂಬುದು ಬರೆಯಲ್ಪಡಬೇಕಾಗಿತ್ತು. 'ಅಪ್ಪನ ಕಣ್ಣು' ಎಂಬುದು ಹೆಜ್ಜೆಯಲ್ಲ, ಒಂದು ತಲೆಬರಹ ಮಾತ್ರ. ಕ್ರಮದ ಸುಲಭವಾದ ಅರ್ಧವನ್ನು ಆತ ಪಾಲಿಸಿದನು, ಕಠಿಣವಾದ ಅರ್ಧವನ್ನು ಬಿಟ್ಟನು.

ಶನಿವಾರ ಬಂದಿತು. ಮೊಬೈಲ್ ಸದ್ದು ಮಾಡಿತು. ಬೆರಳು ಅದನ್ನು ಮುಂದಿನ ಶನಿವಾರಕ್ಕೆ ಸರಿಸಿತು. ಸರಿಸುವುದಕ್ಕೆ ಒಂದು ಕ್ಷಣ ಸಾಕಾಗಿತ್ತು. ಆ ವರ್ಷ ದೀಪಾವಳಿಗೆ ಆತ ಊರಿಗೂ ಹೋಗಿದ್ದನು. ಎರಡು ದಿನದ ರಜೆ, ಜೊತೆಗೆ ಲ್ಯಾಪ್‌ಟಾಪ್. ತಂದೆಯವರು ಎದುರಿಗೇ ಕುಳಿತು ಚಹಾ ಕುಡಿದರು. ಹಬ್ಬದ ದಿನ ಆಸ್ಪತ್ರೆ ತೆರೆದಿರಲಾರದು ಎಂದು ಆತ ತನಗೆ ತಾನೇ ಹೇಳಿಕೊಂಡನು. ತಾಯಿಯವರು ಮತ್ತೆ ಕೇಳಲಿಲ್ಲ. ಒಮ್ಮೆ ಹೇಳಿದ ಮೇಲೆ ಮಗ ಬರೆದಿಟ್ಟುಕೊಂಡಿದ್ದಾನೆ ಎಂಬ ನಂಬಿಕೆ ಅವರದಾಗಿತ್ತು.

2023ರ ಅಕ್ಟೋಬರಿನ ಒಂದು ಭಾನುವಾರ ಆತ ನಾಲ್ಕನೆಯ ಆ್ಯಪ್‌ಗೆ ತನ್ನ ಪಟ್ಟಿಯನ್ನು ಸಾಗಿಸುತ್ತಿದ್ದನು. ಒಟ್ಟು 214 ಕೆಲಸಗಳು. ಅವುಗಳನ್ನು ಬರೆದ ದಿನಾಂಕದ ಕ್ರಮದಲ್ಲಿ ಜೋಡಿಸಿದಾಗ ಮೇಲ್ತುದಿಗೆ ಬಂದು ನಿಂತದ್ದು 'ಅಪ್ಪನ ಕಣ್ಣು'. ಹದಿನಾಲ್ಕು ತಿಂಗಳು ತುಂಬಿತ್ತು. ಎಷ್ಟು ಬಾರಿ ಮುಂದೂಡಲಾಗಿದೆ ಎಂಬುದನ್ನೂ ಆ ಉಪಕರಣ ನಿಷ್ಠೆಯಿಂದ ಎಣಿಸಿಟ್ಟಿತ್ತು: 31. ಉಪಕರಣದ ಕಡೆಯಿಂದ ಯಾವ ಲೋಪವೂ ಆಗಿರಲಿಲ್ಲ. ಅದು ಮರೆತಿರಲಿಲ್ಲ, ಕಳೆದುಕೊಂಡಿರಲಿಲ್ಲ, ನೆನಪಿಸುವುದನ್ನು ನಿಲ್ಲಿಸಿರಲಿಲ್ಲ. ಆತ ಸಾಗಿಸುವ ಕೆಲಸವನ್ನು ಅಲ್ಲಿಗೇ ಬಿಟ್ಟು ಆ ರಾತ್ರಿಯ ಬಸ್ಸಿಗೆ ಹೊರಟನು.

ಕಣ್ಣಿನ ಆಸ್ಪತ್ರೆಯಲ್ಲಿ ವೈದ್ಯರು ಮೊದಲು ಕಣ್ಣಿನೊಳಗಿನ ಒತ್ತಡವನ್ನು ಅಳೆದರು. ಬಳಿಕ ದೃಷ್ಟಿಯ ವಿಸ್ತಾರವನ್ನು ಪರೀಕ್ಷಿಸುವ ಯಂತ್ರದ ಮುಂದೆ ಕೂರಿಸಿದರು. ಬಟ್ಟಲಿನಂತಹ ಬಿಳಿಯ ಪರದೆಯೊಳಗೆ ಮುಖವಿಟ್ಟು, ಒಂದು ಕಣ್ಣನ್ನು ಮುಚ್ಚಿ, ಇನ್ನೊಂದು ಕಣ್ಣಿನಿಂದ ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು. ಅಲ್ಲಲ್ಲಿ ಸಣ್ಣ ಬೆಳಕು ಮಿನುಗುತ್ತದೆ. ಕಂಡಾಗಲೆಲ್ಲ ಕೈಯಲ್ಲಿರುವ ಗುಂಡಿಯನ್ನು ಒತ್ತಬೇಕು. ಲಾಳಿಯ ಹಗ್ಗವನ್ನು ಜೀವಮಾನವಿಡೀ ಎಳೆದ ಆ ಕೈ ಬಲಗಣ್ಣಿನ ಸರದಿಯಲ್ಲಿ ಮಗ್ಗದ ಲಯದಲ್ಲಿಯೇ ಒತ್ತುತ್ತಾ ಹೋಯಿತು. ಎಡಗಣ್ಣಿನ ಸರದಿ ಬಂದಾಗ ಗುಂಡಿಯ ಸದ್ದು ವಿರಳವಾಯಿತು. ಯಂತ್ರ ತನ್ನ ಕೆಲಸವನ್ನು ಮಾಡುತ್ತಲೇ ಇತ್ತು. ತಂದೆಯವರು ಮುಂದಿನ ಬೆಳಕಿಗಾಗಿ ತಾಳ್ಮೆಯಿಂದ ಕಾಯುತ್ತಾ ಕುಳಿತಿದ್ದರು. ಬೆಳಕುಗಳು ಬಂದು ಹೋಗುತ್ತಿವೆ ಎಂಬುದು ಅವರಿಗೆ ತಿಳಿದಿರಲಿಲ್ಲ. ಹಿಂದೆ ನಿಂತ ಮಗನಿಗೆ ತಿಳಿದಿತ್ತು.

ಅದು ಗ್ಲಾಕೋಮಾ. ಕಣ್ಣಿನಿಂದ ಮೆದುಳಿಗೆ ಹೋಗುವ ನರಕ್ಕೆ ನಿಧಾನವಾಗಿ ಹಾನಿಯಾಗುವ ಕಾಯಿಲೆ. ಬಹುಪಾಲು ನೋವಿರುವುದಿಲ್ಲ. ಮೊದಲು ಅಂಚಿನ ದೃಷ್ಟಿ ಹೋಗುತ್ತದೆ, ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಕಣ್ಣು ತುಂಬಿಕೊಡುವುದರಿಂದ ರೋಗಿಗೇ ಅರಿವಾಗುವುದಿಲ್ಲ. "ಹೋದ ದೃಷ್ಟಿ ಮರಳುವುದಿಲ್ಲ. ಉಳಿದದ್ದನ್ನು ಕಾಪಾಡಿಕೊಳ್ಳಬಹುದು. ಹನಿ ತಪ್ಪಬಾರದು" ಎಂದು ವೈದ್ಯರು ಹೇಳಿದರು. ಯಾವಾಗಿನಿಂದ ಹೀಗಾಗಿದೆ ಎಂದು ಕೇಳಿದಾಗ ತಂದೆಯವರು "ಈಗೀಗ" ಎಂದರು. ತಾಯಿಯವರು ನೆಲವನ್ನು ನೋಡಿದರು. ಮಗನೇ ಬಾಯಿ ತೆರೆದು "ಹದಿನಾಲ್ಕು ತಿಂಗಳಾಯಿತು" ಎಂದನು. ಆಗಲೇ ಬಂದಿದ್ದರೆ ಎಡಗಣ್ಣಿನಲ್ಲಿ ಇನ್ನಷ್ಟು ಉಳಿಸಿಕೊಳ್ಳಬಹುದಿತ್ತು ಎಂದು ವೈದ್ಯರು ಚೀಟಿ ಬರೆಯುತ್ತಾ ಹೇಳಿದರು. ಅವರ ದನಿಯಲ್ಲಿ ಆರೋಪವಿರಲಿಲ್ಲ.

ಆ ರಾತ್ರಿ ಮನೆಯಲ್ಲಿ ಆತ ತಂದೆಯವರ ಬಳಿ ಕುಳಿತು, "ಅಪ್ಪಾ, ಅವ್ವ ಆಗಲೇ ಹೇಳಿದ್ಲು. ನಾ ಬರದಿಟ್ಟಿದ್ದೆ" ಎಂದನು. ಅದಕ್ಕೆ ಅವರು, "ಬರದಿಟ್ಟಿದ್ದಿ ಅಂದ್ರ ಮರತಿದ್ದಿಲ್ಲ ಬಿಡು ತಮ್ಮಾ" ಎಂದರು. ಮಗನನ್ನು ಸಮಾಧಾನಪಡಿಸಲು ಆಡಿದ ಮಾತು ಅದು. ಬೈದಿದ್ದರೆ ಆತನಿಗೆ ಇಷ್ಟು ನಾಟುತ್ತಿರಲಿಲ್ಲ. ಮರೆತವನಿಗೆ ಮರೆವಿನ ನೆಪವಾದರೂ ಇರುತ್ತದೆ. ಆತ ಮರೆಯದೆಯೇ ಮಾಡದೆ ಉಳಿದವನು.

ಮರುದಿನ ಬೆಳಿಗ್ಗೆ ಮಗ್ಗದ ಬಳಿ ನಿಂತಾಗ ಆತ ಇನ್ನೊಂದು ಮಾತು ಕೇಳಿದನು. ಮೂಲೆಯಲ್ಲಿ ನೂಲು ರಾಶಿಯಾಗಿ ಬಿದ್ದಿತ್ತು. ಇದೆಲ್ಲ ಯಾವಾಗ ಮುಗಿಯುತ್ತದೆ ಎಂದು ಕೇಳಿದ್ದಕ್ಕೆ ತಂದೆಯವರು ಹೇಳಿದರು: "ಮನ್ಯಾಗ ಎಷ್ಟರ ನೂಲು ಬಿದ್ದಿರಲಿ, ಮಗ್ಗದ ಮ್ಯಾಲೆ ಒಂದ ಹಾಸು ಇರ್ತೈತಿ. ಅದು ಇಳಿಯೂತನಕ ಇನ್ನೊಂದು ಏರಿಸಾಕ ಬರೂದಿಲ್ಲ." ಚಿಕ್ಕಂದಿನಿಂದ ಕಂಡ ಸಂಗತಿಯೇ ಅದು. ಕನ್‌ಬಾನ್ ಫಲಕದ ಮುಖ್ಯ ನಿಯಮವೂ ಅದೇ, ಏಕಕಾಲಕ್ಕೆ ಕೈಯಲ್ಲಿರುವ ಕೆಲಸಗಳ ಸಂಖ್ಯೆಗೆ ಮಿತಿ ಇರಬೇಕು. ಆ ಫಲಕವನ್ನು ಮೂರು ವರ್ಷ ಬಳಸಿದ್ದರೂ ಆತ ಮಿತಿಯನ್ನು ಮಾತ್ರ ಎಂದೂ ಹಾಕಿರಲಿಲ್ಲ.

ಬೆಂಗಳೂರಿಗೆ ಮರಳಿದ ಮೇಲೆ ಆತ ತನ್ನ ದಿನವನ್ನು ಹೊಸದಾಗಿ ಪರೀಕ್ಷಿಸತೊಡಗಿದನು. ಗಣಕಯಂತ್ರವು ಒಂದೇ ಹೊತ್ತಿನಲ್ಲಿ ಹಲವು ಕೆಲಸ ಮಾಡುವಂತೆ ತೋರುವುದು ಹೇಗೆಂಬುದು ಆತನಿಗೆ ವೃತ್ತಿಯಿಂದಲೇ ಗೊತ್ತಿತ್ತು. ಒಂದು ಕೆಲಸವನ್ನು ನಿಲ್ಲಿಸುವಾಗ ಅದರ ಸ್ಥಿತಿಯನ್ನೆಲ್ಲ ಒಂದು ಕಡೆ ಕಾಪಿಟ್ಟು, ಇನ್ನೊಂದರ ಸ್ಥಿತಿಯನ್ನು ತಂದುಕೊಂಡು, ಸ್ವಲ್ಪ ಹೊತ್ತು ಅದನ್ನು ಮಾಡಿ, ಮತ್ತೆ ಹಿಂದಿನದಕ್ಕೆ ಬರುತ್ತದೆ. ಯಂತ್ರಕ್ಕೂ ಈ ಬದಲಾವಣೆಗೆ ವೆಚ್ಚವಿದೆ. ಆದರೆ ಅದು ಬಿಟ್ಟ ಸ್ಥಳಕ್ಕೇ ಕರಾರುವಾಕ್ಕಾಗಿ ಮರಳುತ್ತದೆ. ಮನುಷ್ಯನ ಮನಸ್ಸು ಹಾಗೆ ಮರಳಲಾರದು. ಹಿಂದಿನ ಕೆಲಸದ ಶೇಷವೊಂದು ಮುಂದಿನ ಕೆಲಸದೊಳಗೂ ಅಂಟಿಕೊಂಡು ಬರುತ್ತದೆ ಎಂದು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರ ಪ್ರಬಂಧದಲ್ಲಿ ತೋರಿಸಿದ್ದಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ಲೋರಿಯಾ ಮಾರ್ಕ್ ಅವರು ಎರಡು ದಶಕಗಳಿಂದ ಕಚೇರಿ ಕೆಲಸಗಾರರನ್ನು ಅಳೆಯುತ್ತಾ ಬಂದವರು. 2004ರ ಸುಮಾರಿಗೆ ಒಂದು ಪರದೆಯ ಮೇಲೆ ಗಮನ ಸರಾಸರಿ ಎರಡೂವರೆ ನಿಮಿಷ ನಿಲ್ಲುತ್ತಿತ್ತು, ಇತ್ತೀಚಿನ ವರ್ಷಗಳಲ್ಲಿ ಅದು ಸುಮಾರು 47 ಸೆಕೆಂಡುಗಳಿಗೆ ಇಳಿದಿದೆ ಎಂದು 2023ರಲ್ಲಿ ಪ್ರಕಟವಾದ ಅವರ ಗ್ರಂಥ ತಿಳಿಸುತ್ತದೆ. ಈ ಅಡ್ಡಿಗಳಲ್ಲಿ ಗಣನೀಯ ಪಾಲು ಹೊರಗಿನಿಂದ ಬಂದವಲ್ಲ, ಕೆಲಸಗಾರರು ತಮಗೆ ತಾವೇ ಮಾಡಿಕೊಂಡವು.

ಕಾರ್ಯಕ್ರಮ ರಚನೆಯ ಲೋಕದಲ್ಲಿ ಇದಕ್ಕೆ ಒಂದು ಉಜ್ವಲ ನಿದರ್ಶನವಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೊನಾಲ್ಡ್ ಕ್ನೂತ್ ಅವರು 'ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್' ಎಂಬ ಮಹಾಗ್ರಂಥದ ಕರ್ತೃ. ಅದರ ಮೊದಲ ಸಂಪುಟ 1968ರಲ್ಲಿ ಹೊರಬಂದಿತು, ಬರವಣಿಗೆ ಇನ್ನೂ ಮುಗಿದಿಲ್ಲ. ಸುಮಾರು ಹದಿನೈದು ವರ್ಷ ಮಿಂಚಂಚೆ ಬಳಸಿದ ಅವರು 1990ರ ಜನವರಿ 1ರಂದು ಅದನ್ನು ಬಿಟ್ಟುಬಿಟ್ಟರು. ಎಲ್ಲ ಸುದ್ದಿಗಳ ಮೇಲ್ತುದಿಯಲ್ಲಿ ಇರಬೇಕಾದವರಿಗೆ ಮಿಂಚಂಚೆ ಸೊಗಸಾದ ಸಾಧನ, ವಿಷಯಗಳ ತಳವನ್ನು ಮುಟ್ಟಬೇಕಾದ ತನಗೆ ಅದು ಬೇಡ ಎಂಬುದು ಅವರು ಕೊಟ್ಟ ಕಾರಣದ ತಾತ್ಪರ್ಯ. ಪತ್ರಗಳನ್ನು ಅವರು ಒಟ್ಟುಗೂಡಿಸಿಕೊಂಡು ಬಿಡುವಾದಾಗ ನೋಡುತ್ತಾರೆ. ಅದೇ ಕ್ನೂತ್ ಅವರು 1977ರಲ್ಲಿ ತಮ್ಮ ಗ್ರಂಥದ ಅಚ್ಚು ಸುಂದರವಾಗಿಲ್ಲವೆಂದು ಗ್ರಂಥವನ್ನು ಬದಿಗಿಟ್ಟು 'ಟೆಕ್' ಎಂಬ ಅಕ್ಷರ ಜೋಡಣೆಯ ತಂತ್ರಾಂಶ ನಿರ್ಮಿಸಲು ತೊಡಗಿದರು. ಬೇಗ ಮುಗಿಯುವುದೆಂದು ಎಣಿಸಿದ್ದ ಆ ಕೆಲಸ ಸುಮಾರು ಒಂದು ದಶಕವನ್ನು ತೆಗೆದುಕೊಂಡಿತು. ಇಂದಿಗೂ ಲೋಕದ ಗಣಿತ ಪ್ರಬಂಧಗಳು ಹೆಚ್ಚಾಗಿ ಅದರಲ್ಲಿಯೇ ಸಿದ್ಧವಾಗುತ್ತವೆ. ಆದ್ದರಿಂದ ಉಪಕರಣವನ್ನು ಮಾಡುವುದೇ ವ್ಯರ್ಥವೆಂದು ತಿಳಿಯಬಾರದು. ಕ್ನೂತ್ ಅವರು ಉಪಕರಣವನ್ನು ಮಾಡಿ ಮುಗಿಸಿದರು, ಅದರಿಂದ ಗ್ರಂಥವನ್ನು ಅಚ್ಚುಹಾಕಿದರು. ಈ ಇಂಜಿನಿಯರನು ಉಪಕರಣವನ್ನು ಬದಲಿಸುತ್ತಾ ಹೋಗಿದ್ದನು.

ಶರಣರ ಕಥೆಗಳಲ್ಲಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಪ್ರಸಂಗ ಎಲ್ಲರಿಗೂ ಪರಿಚಿತ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ. ಆ ದಿನಕ್ಕೆ ಬೇಕಾದಷ್ಟನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಅಲ್ಲಿಯೇ ಸುರಿದು ಬರುವಂತೆ ಪತಿಯನ್ನು ಮರಳಿ ಕಳುಹಿಸಿದರು. ಈ ಪ್ರಸಂಗವನ್ನು ಸಾಮಾನ್ಯವಾಗಿ ಧನದ ಆಸೆಗೆ ಅನ್ವಯಿಸಿ ಹೇಳುವುದುಂಟು. ಕೆಲಸದ ಆಸೆಗೂ ಅದು ಅಷ್ಟೇ ಸಲ್ಲುತ್ತದೆ. ಎಲ್ಲವನ್ನೂ ಮಾಡುತ್ತೇನೆಂದು ಬರೆದಿಟ್ಟುಕೊಳ್ಳುವ 214 ಸಾಲುಗಳೂ ಒಂದು ಬಗೆಯ ಸಂಗ್ರಹವೇ. ಆ ರಾಶಿಯಲ್ಲಿ ಅಂದಿನ ಅನ್ನಕ್ಕೆ ಬೇಕಾದ ಹಿಡಿ ಅಕ್ಕಿ ಎಲ್ಲಿದೆ ಎಂಬುದೇ ಕಾಣದಂತಾಗುತ್ತದೆ.

ಆತ ಮೊದಲು ಮಾಡಿದ್ದು ಸುರಿದು ಬರುವ ಕೆಲಸವನ್ನು. 214ರಲ್ಲಿ 160ಕ್ಕೂ ಹೆಚ್ಚನ್ನು ಅಳಿಸಿದನು. ಇತರರಿಗೆ ಮಾತು ಕೊಟ್ಟದ್ದಿದ್ದಲ್ಲಿ ಸುಮ್ಮನೆ ಅಳಿಸದೆ, ತನ್ನಿಂದ ಆಗದೆಂದು ಅವರಿಗೆ ತಿಳಿಸಿ ಅಳಿಸಿದನು. ಅದು ಅಹಿತಕರವಾದ ಕೆಲಸವಾಗಿತ್ತು. ಕೆಲವರು ಬೇಸರಪಟ್ಟರು. ಆದರೆ ಬಹುಮಂದಿ ಬೇರೆಯವರನ್ನು ಹುಡುಕಿಕೊಂಡರು, ಕೆಲವರ ಕೆಲಸ ಎಂದೋ ಮುಗಿದುಹೋಗಿತ್ತು.

ಈಗ ಆತ ಪಾಲಿಸುವ ಕ್ರಮ ಹೀಗಿದೆ. ಪಟ್ಟಿಗೆ ಒಂದೇ ಒಂದು ಸರಳ ಪಠ್ಯ ಕಡತ. ಯಾವ ಗಣಕಯಂತ್ರದಲ್ಲಿಯೂ ತೆರೆಯಬಹುದಾದ ಕಡತ ಅದು, ಯಾವ ಕಂಪನಿ ಮುಚ್ಚಿದರೂ ಉಳಿಯುವಂಥದು. ಲಿನಸ್ ಟೊರ್ವಾಲ್ಡ್ಸ್ ಅವರು 2005ರಲ್ಲಿ ರಚಿಸಿದ ಗಿಟ್ ಎಂಬ ವ್ಯವಸ್ಥೆಯಲ್ಲಿ ಅದನ್ನು ಇಟ್ಟಿರುವುದರಿಂದ ಯಾವ ಸಾಲು ಯಾವಾಗ ಬಂದಿತು, ಯಾವಾಗ ಹೋಯಿತು ಎಂಬುದು ದಾಖಲಾಗಿರುತ್ತದೆ. ಬೆಳಿಗ್ಗೆ ಆ ಕಡತದಿಂದ ಮೂರು ಕೆಲಸಗಳನ್ನು ಮಾತ್ರ ಆರಿಸಿ ಒಂದು ಚೀಟಿಯ ಮೇಲೆ ಪೆನ್ನಿನಿಂದ ಬರೆದು ಮೇಜಿನ ಮೇಲಿಡುತ್ತಾನೆ. ಅದು ಆ ದಿನದ ಹಾಸು.

ಪ್ರತಿಯೊಂದು ಸಾಲೂ ಕ್ರಿಯಾಪದದಲ್ಲಿ ಮುಗಿಯಬೇಕೆಂಬುದು ಎರಡನೆಯ ನಿಯಮ. 'ವರದಿ' ಎಂದು ಬರೆಯುವಂತಿಲ್ಲ. 'ವರದಿಯ ಮೊದಲ ಪುಟವನ್ನು ಬರೆಯುವುದು' ಎಂದು ಬರೆಯಬೇಕು. ಮೂರು ಬಾರಿ ಮುಂದೂಡಿದ ಕೆಲಸಕ್ಕೆ ನಾಲ್ಕನೆಯ ದಿನಾಂಕವಿಲ್ಲ ಎಂಬುದು ಮೂರನೆಯ ನಿಯಮ. ಆ ದಿನವೇ ಮಾಡಬೇಕು, ಇಲ್ಲವೇ ಮಾಡಬಲ್ಲವರಿಗೆ ಒಪ್ಪಿಸಬೇಕು, ಇಲ್ಲವೇ ಸಂಬಂಧಪಟ್ಟವರಿಗೆ ಹೇಳಿ ಕೈಬಿಡಬೇಕು. ಈ ಒಂದು ನಿಯಮವಿದ್ದಿದ್ದರೆ ತಂದೆಯವರನ್ನು ಆಸ್ಪತ್ರೆಗೆ ಕರೆದೊಯ್ಯಲು ಊರಿನಲ್ಲಿಯೇ ಇರುವ ಚಿಕ್ಕಪ್ಪನ ಮಗನಿಗೆ ಒಂದು ತಿಂಗಳೊಳಗೆ ಕರೆ ಹೋಗುತ್ತಿತ್ತು ಎಂಬುದು ಆತನಿಗೆ ಗೊತ್ತಿದೆ. ತಾನೇ ಮಾಡಬೇಕೆಂಬ ಹಟವೂ ಮಾಡದಿರುವುದಕ್ಕೆ ಒಂದು ದಾರಿಯಾಗುತ್ತದೆ.

ನಾಲ್ಕನೆಯದು ಹೊತ್ತಿಗೆ ಸಂಬಂಧಿಸಿದ್ದು. ಪಾಲ್ ಗ್ರಹಾಂ ಅವರು 2009ರ ಲೇಖನವೊಂದರಲ್ಲಿ ವ್ಯವಸ್ಥಾಪಕರ ದಿನ ಗಂಟೆಗಳಲ್ಲಿ ಹಂಚಿಕೊಂಡಿರುತ್ತದೆ, ನಿರ್ಮಾಣ ಮಾಡುವವರ ದಿನಕ್ಕೆ ಕನಿಷ್ಠ ಅರ್ಧ ದಿನದ ಇಡೀ ತುಂಡು ಬೇಕು, ನಡುವೆ ಬರುವ ಒಂದೇ ಸಭೆ ಮಧ್ಯಾಹ್ನವನ್ನು ಎರಡು ನಿರುಪಯುಕ್ತ ಚೂರುಗಳಾಗಿ ಒಡೆಯುತ್ತದೆ ಎಂದು ವಿವರಿಸಿದ್ದರು. ಆತ ತಂಡದ ಮುಖ್ಯಸ್ಥರೊಂದಿಗೆ ಮಾತನಾಡಿ ಬೆಳಗಿನ ಸಭೆಯನ್ನು ಊಟದ ಹೊತ್ತಿನ ಹತ್ತಿರಕ್ಕೆ ಸರಿಸಿಕೊಂಡನು. ಅದಕ್ಕೆ ಮುಂಚಿನ ಮೂರು ಗಂಟೆಗಳಲ್ಲಿ ಮಿಂಚಂಚೆಯೂ ಹರಟೆಯ ಕಿಟಕಿಯೂ ಮುಚ್ಚಿರುತ್ತವೆ. ದಿನಕ್ಕೆ ಎರಡು ಹೊತ್ತು ಮಾತ್ರ ಮಿಂಚಂಚೆ ತೆರೆಯುತ್ತಾನೆ. ತುರ್ತು ಇದ್ದವರು ಕರೆ ಮಾಡಬಹುದೆಂದು ತಂಡಕ್ಕೆ ತಿಳಿಸಿದ್ದಾನೆ. ಮೊದಲ ತಿಂಗಳಲ್ಲಿ ಅಂತಹ ಕರೆ ಎರಡೇ ಬಂದವು. ಮೊಬೈಲಿನ ಸೂಚನೆಗಳೆಲ್ಲ ಸ್ತಬ್ಧವಾಗಿವೆ. ಮನೆಯವರ ಕರೆ ಮತ್ತು ಸರ್ವರ್ ಕೆಟ್ಟಾಗ ಬರುವ ಎಚ್ಚರಿಕೆ, ಈ ಎರಡಕ್ಕೆ ಮಾತ್ರ ಸದ್ದು ಮಾಡುವ ಹಕ್ಕು ಇದೆ. ಮುಳ್ಳು ಚುಚ್ಚಬೇಕಾದ ಕಡೆ ಚುಚ್ಚಲೇಬೇಕು.

ಐದನೆಯದು ಯಂತ್ರಕ್ಕೆ ಯಂತ್ರದ ಕೆಲಸ. ಕಡತಗಳ ಪ್ರತಿ ತೆಗೆದಿಡುವುದು, ರಾತ್ರಿಯ ಪರೀಕ್ಷೆಗಳನ್ನು ಓಡಿಸುವುದು, ಒಂದೇ ಬಗೆಯ ವರದಿಯನ್ನು ವಾರವಾರ ಸಿದ್ಧಪಡಿಸುವುದು ಇಂಥವನ್ನು ನಿಗದಿತ ಹೊತ್ತಿಗೆ ತಾನಾಗಿ ನಡೆಯುವಂತೆ ಆತ ಬರೆದಿದ್ದಾನೆ. ಬರೆಯುವ ಮುನ್ನ ಹೂಡುವ ಹೊತ್ತು ಎಷ್ಟು, ಒಂದು ವರ್ಷದಲ್ಲಿ ಉಳಿಯುವ ಹೊತ್ತು ಎಷ್ಟು ಎಂಬ ಲೆಕ್ಕವನ್ನು ಈಗ ತಪ್ಪದೆ ಹಾಕುತ್ತಾನೆ. ಶುಕ್ರವಾರ ಸಂಜೆ ಅರ್ಧ ಗಂಟೆ ಇಡೀ ಕಡತವನ್ನು ಹಳೆಯ ಸಾಲಿನಿಂದ ಮೊದಲುಗೊಂಡು ಓದುತ್ತಾನೆ. ಹೊಸದು ಯಾವಾಗಲೂ ಕಣ್ಣ ಮುಂದೆ ಇರುತ್ತದೆ, ಅಂಚಿಗೆ ಸರಿದದ್ದನ್ನು ಮಾತ್ರ ಹುಡುಕಿಕೊಂಡು ಹೋಗಿ ನೋಡಬೇಕಾಗುತ್ತದೆ.

ಈ ಕ್ರಮದಿಂದ ಆತನ ಬದುಕಿನಲ್ಲಿ ಎಲ್ಲವೂ ನೆಟ್ಟಗಾಯಿತೆಂದು ಹೇಳಲಾಗದು. ರಾತ್ರಿಯ ಸಭೆಗಳು ಇನ್ನೂ ಇವೆ. ಚೀಟಿಯ ಮೇಲಿನ ಮೂರರಲ್ಲಿ ಎರಡೇ ಮುಗಿಯುವ ದಿನಗಳು ಬಹಳ. ಹೊಸ ಆ್ಯಪ್‌ನ ಸುದ್ದಿ ಬಂದಾಗ ಕೈ ಇನ್ನೂ ಅತ್ತ ಹೋಗುತ್ತದೆ. ಎಡಗಣ್ಣಿನ ದೃಷ್ಟಿ ಮರಳಲಿಲ್ಲ, ಮರಳುವುದೂ ಇಲ್ಲ. ತಂದೆಯವರು ಬಲಗಣ್ಣಿನ ಆಧಾರದಿಂದ ಬೆಳಗಿನ ಹೊತ್ತು ಮಾತ್ರ ನೇಯುತ್ತಾರೆ. ಎಡ ಅಂಚು ಬಂದಾಗ ಮುಖವನ್ನು ಪೂರ್ತಿ ತಿರುಗಿಸಿ ನೋಡುವ ಅಭ್ಯಾಸ ಮಾಡಿಕೊಂಡಿದ್ದಾರೆ. ಖಣಗಳು ತಿರುಗಿ ಬರುವುದು ನಿಂತಿದೆ.

ರಾತ್ರಿ ಒಂಬತ್ತು ಗಂಟೆಗೆ ಆತನ ಮೊಬೈಲ್ ಸದ್ದು ಮಾಡುತ್ತದೆ. ಅದನ್ನು ಮುಂದೂಡುವ ಗುಂಡಿಯನ್ನೇ ಆತ ತೆಗೆಸಿಹಾಕಿದ್ದಾನೆ. ಎಂತಹ ಸಭೆಯಲ್ಲಿದ್ದರೂ ಎರಡು ನಿಮಿಷ ಎದ್ದು ಹೊರಗೆ ಬಂದು ಊರಿಗೆ ಕರೆ ಮಾಡುತ್ತಾನೆ. "ಹನಿ ಹಾಕೊಂಡ್ರೇನಪಾ?" ಎಂದು ಕೇಳುತ್ತಾನೆ. "ಈಗ ಹಾಕೊಳ್ಳಾಕತ್ತೀನಿ, ತಡಿ" ಎಂದು ಅತ್ತಲಿಂದ ಉತ್ತರ ಬರುತ್ತದೆ. ಎರಡು ಹನಿ ಬೀಳುವವರೆಗೆ ಆತ ಮಾತನಾಡದೆ ಫೋನನ್ನು ಕಿವಿಗೆ ಹಿಡಿದು ನಿಂತಿರುತ್ತಾನೆ. ಆ ಕೆಲಸವನ್ನು ಆತ ಯಾವ ಪಟ್ಟಿಯಲ್ಲಿಯೂ ಬರೆದಿಲ್ಲ.